ಹನ್ನೊಂದು ಆಸ್ಪತ್ರೆಗಳ ಲಾರಿ

"ಬಿಟ್ಟೆ," ಎಂದು ಲಾರಿಯೊಳಗಿಂದ ಡ್ರೈವರ್ ಕೂಗಿದ.

ಹತ್ತಿಯ ಪೆಟ್ಟಿಗೆ ಗಾಳಿಯಲ್ಲಿ ಒಂದು ಸುತ್ತು ಮಗುಚಿ ನನ್ನ ಎದೆಗೆ ಬಂತು. ಹಿಡಿದೆ, ಎಡಕ್ಕೆ ತಿರುಗಿದೆ, ಲೋಡರ್ ಕೈಗೆ ದಾಟಿಸಿದೆ. "ಬಿಟ್ಟೆ." ಇನ್ನೊಂದು. "ಬಿಟ್ಟೆ." ಮತ್ತೊಂದು. ನಲವತ್ತನೆಯ ಪೆಟ್ಟಿಗೆಯ ಹೊತ್ತಿಗೆ ನನ್ನ ಟೈ ಬೆನ್ನಿಗೆ ಹೋಗಿತ್ತು, ಅಂಗಿ ಮೈಗಂಟಿತ್ತು, ನಲವತ್ತೊಂಬತ್ತು ವರ್ಷದ ಮಂಡಿಗಳೆರಡೂ ತಮ್ಮತಮ್ಮಲ್ಲೇ ಏನೋ ಗೊಣಗಿಕೊಳ್ಳುತ್ತಿದ್ದವು.

"ಸಾರ್, ಹಿಡಿದ ಮೇಲೆ ಖುಷಿಗೆ ಮೇಲಕ್ಕೆ ಎಸೀಬೇಡಿ ಮತ್ತೆ," ಎಂದ ಲೋಡರ್.

"ಮಾತು ಕಡಿಮೆ ಮಾಡಯ್ಯಾ."

"ನೀವೇ ಮೂರು ಸಲ ಔಟ್ ಕೇಳಿದ್ರಿ."

"ಕೇಳಿಲ್ಲ."

"ಕೇಳಿದ್ರಿ. ಅಕ್ಕಾ, ನೀವೇ ಹೇಳಿ, ಕೇಳಿದ್ರೋ ಇಲ್ವೋ?"

ಇಲ್ಲಿ ಎಲ್ಲರಿಗೂ ಅಕ್ಕನಾದವಳು ಲಾರಿಯ ಬಾಯಿಯ ಪಕ್ಕದಲ್ಲಿ ರಟ್ಟಿಗೆ ಸಿಕ್ಕಿಸಿದ ಪಟ್ಟಿ ಹಿಡಿದು, ಕೂದಲಿಗೆ ಪೆನ್ಸಿಲ್ ಚುಚ್ಚಿಕೊಂಡು ನಿಂತಿದ್ದಳು. "ಏಳನೇ ಆಸ್ಪತ್ರೆದು ಕಟ್ಟೆಯ ಎಡಗೋಡೆಗೆ," ಎಂದಳು. "ಸಲೈನ್ ಕೆಳಗೆ, ಹತ್ತಿ ಮೇಲೆ. ನಡುವೆ ಒಬ್ಬ ಮನುಷ್ಯ ನುಗ್ಗೋಷ್ಟು ದಾರಿ ಬಿಡಿ. ಒಬ್ಬ ಮನುಷ್ಯ ಅಂದ್ರೆ ಡ್ರೈವರ್ ಅಳತೆ. ಸಾರ್ ಅಳತೆ ಅಲ್ಲ."

ಡ್ರೈವರ್ ಒಳಗೆ ಎಷ್ಟು ನಕ್ಕನೆಂದರೆ ಮುಂದಿನ ಪೆಟ್ಟಿಗೆ ಬರಲು ತಡವಾಯಿತು.

ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ಲಾರಿ ಎರಡಕ್ಕೆ ಗೇಟು ದಾಟಬೇಕು, ಯಾಕೆಂದರೆ ಪಟ್ಟಿಯಲ್ಲಿರುವ ಹನ್ನೊಂದು ಆಸ್ಪತ್ರೆಗಳಲ್ಲಿ ಕೊನೆಯದು ಆರು ಗಂಟೆಯ ಮೇಲೆ ಸಾಮಾನು ಇಳಿಸಿಕೊಳ್ಳುವುದಿಲ್ಲ. ಇವತ್ತೇ ಸಂಜೆ ಐದಕ್ಕೆ ಅಕ್ಕ ನಿವೃತ್ತಳಾಗಬೇಕು. ಮೂವತ್ತೈದು ವರ್ಷ ಈ ಡಿಸ್ಪ್ಯಾಚ್ ವಿಭಾಗದಲ್ಲಿ, ಅದರಲ್ಲಿ ಇಪ್ಪತ್ತೊಂಬತ್ತು ವರ್ಷ ಅದರ ಮುಖ್ಯಸ್ಥೆಯಾಗಿ. ಗಡಿಯಾರದ ಕೆಳಗೆ ಒಂದು ಮೊಳೆ, ಮೊಳೆಗೆ ನನ್ನ ಕೋಟು, ಕೋಟಿನ ಒಳಜೇಬಿನಲ್ಲಿ ಒಂದು ಪತ್ರ. ಅಕ್ಕನನ್ನು ಇನ್ನೂ ಮೂರು ವರ್ಷ ಸಲಹೆಗಾರ್ತಿಯಾಗಿ ಇಟ್ಟುಕೊಳ್ಳಲು ಆಡಳಿತ ಮಂಡಳಿ ಒಪ್ಪಿದೆ ಎಂಬ ಪತ್ರ. ಅದಕ್ಕಾಗಿ ನಾನು ನಾಲ್ಕು ತಿಂಗಳು ಓಡಾಡಿದ್ದೆ. ಒಂದನೇ ತಾರೀಖಿನಿಂದ ನಾನು ಇಡೀ ಕಂಪನಿಯ ಕಾರ್ಯನಿರ್ವಾಹಕ ನಿರ್ದೇಶಕ: ಎರಡು ಕಾರ್ಖಾನೆ, ನಾಲ್ಕು ಗೋದಾಮು, ಆರುನೂರು ಜನ. ಅಕ್ಕ ಪಕ್ಕದ ಕೋಣೆಯಲ್ಲಿ ಇಲ್ಲದೆ ಆ ಕುರ್ಚಿಯಲ್ಲಿ ಕೂರುವ ಧೈರ್ಯ ನನಗಿರಲಿಲ್ಲ. ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೆ ಬಿಟ್ಟು. "ನನ್ನನ್ನು ಮದುವೆ ಆಗೋಕೂ ಅವರನ್ನೇ ಕೇಳಿದ್ರಿ," ಎಂದಿದ್ದಳು ಅವಳು. "ಅವರು ಬೇಡ ಅಂದಿದ್ರೆ ನಾನು ಇಷ್ಟೊತ್ತಿಗೆ ಎಲ್ಲಿರ್ತಿದ್ದೆನೋ." ಅದು ತಮಾಷೆ. ಆದರೆ ನಾನು ಕೇಳಿದ್ದಂತೂ ನಿಜ.

ತುಂಬಿದ ಲಾರಿಯನ್ನು ಮತ್ತೆ ಖಾಲಿ ಮಾಡಬೇಕಾಗಿ ಬಂದದ್ದು ನನ್ನಿಂದ.

ಬೆಳಿಗ್ಗೆ ಹತ್ತೂವರೆಗೆ ಒಂಬತ್ತನೆಯ ಆಸ್ಪತ್ರೆಯ ಉಗ್ರಾಣದವರು ನೇರವಾಗಿ ನನಗೇ ಫೋನ್ ಮಾಡಿದ್ದರು. ಸಲೈನ್ ಮುಗಿಯುತ್ತ ಬಂದಿದೆ, ಇವತ್ತು ಸ್ವಲ್ಪ ಬೇಗ ಕಳಿಸಿ ಎಂದರು. ನಾನು ಮೂರನೇ ಮಹಡಿಯ ಕಿಟಕಿಯಿಂದ ಕೆಳಗೆ ನೋಡಿದೆ. ಡ್ರೈವರ್ ಚಕ್ರ ಒದ್ದು ನೋಡುತ್ತಿದ್ದ. ಅವನಿಗೆ ಫೋನ್ ಹಚ್ಚಿ, "ಇವತ್ತು ಮೊದಲು ಒಂಬತ್ತಕ್ಕೆ ಹೋಗಪ್ಪ," ಎಂದೆ. ಅವನು ಅಲ್ಲಿಂದಲೇ ಕೈಯೆತ್ತಿದ. ನಾನೂ ಇಲ್ಲಿಂದ ಕೈಯೆತ್ತಿದೆ. ಮುಗಿಯಿತು. ಲಾರಿ ಆಗಲೇ ಮುಕ್ಕಾಲು ತುಂಬಿತ್ತು, ಒಂಬತ್ತನೆಯದರ ಸಾಮಾನು ಎಂಟು, ಏಳು, ಆರರ ಸಾಮಾನಿನ ಹಿಂದೆ ಹೂತುಹೋಗಿತ್ತು. ಅಕ್ಕನಿಗೆ ಹೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಮರೆತೆ ಎನ್ನುವ ಹಾಗೂ ಇಲ್ಲ, ಮರೆಯುವುದಕ್ಕೆ ಮೊದಲು ನೆನಪಾಗಬೇಕಲ್ಲ.

ಇದು ವಿಕೆಟ್ ಕೀಪರನ ರೋಗ. ಕೀಪರ್ ಆಟವನ್ನೆಲ್ಲ ಹಿಂದಿನಿಂದ ನೋಡುತ್ತಾನೆ. ಬೌಲರ್ ಬೆನ್ನು ತಿರುಗಿಸಿ ಓಟದ ಗುರುತಿಗೆ ನಡೆದು ಹೋಗುವಾಗ, ಗ್ಲೌಸಿನ ಬೆರಳು ಸ್ವಲ್ಪ ಆಡಿಸಿ ಒಬ್ಬ ಫೀಲ್ಡರನನ್ನು ನಾಲ್ಕು ಹೆಜ್ಜೆ ಸರಿಸುತ್ತಾನೆ. ಬೌಲರಿಗೆ ಗೊತ್ತಾಗುವುದಿಲ್ಲ. ಕ್ಯಾಚ್ ಸಿಕ್ಕಾಗ ಎಲ್ಲರೂ ಬೌಲರನ ಬೆನ್ನು ತಟ್ಟುತ್ತಾರೆ, ಕೀಪರ್ ಒಳಗೊಳಗೇ ನಗುತ್ತಾನೆ. ನಾನು ಹನ್ನೆರಡು ವರ್ಷ ಹೀಗೆ ಜನರನ್ನು ಸರಿಸಿದವನು. ಮೈದಾನದಲ್ಲಿ ನಾಲ್ಕು ಹೆಜ್ಜೆ ಸರಿದವನ ಬೆನ್ನ ಮೇಲೆ ಇನ್ನೂರು ಪೆಟ್ಟಿಗೆ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಹನ್ನೊಂದೂವರೆಗೆ ಡ್ರೈವರ್ ಚಹಾ ಕುಡಿಯುತ್ತ, "ಇವತ್ತು ಮೊದಲು ಒಂಬತ್ತಂತೆ ಅಕ್ಕಾ," ಎಂದನಂತೆ. ಅಕ್ಕ ಲೋಟ ಕೆಳಗಿಟ್ಟಳಂತೆ. ನನ್ನ ಮೇಜಿನ ಫೋನ್ ರಿಂಗಾಯಿತು.

"ಸಾರ್, ಸ್ವಲ್ಪ ಕೆಳಗೆ ಬರ್ತೀರಾ?"

ಜನರ ಮುಂದೆ ಅವಳು ನನ್ನನ್ನು ಸಾರ್ ಎನ್ನುತ್ತಾಳೆ. ಆ ಸಾರ್ ಕೇಳಿದ ತಕ್ಷಣ ನಾನು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದೆ.

ಇಳಿದವನನ್ನು ಅವಳು ಬೈಯಲಿಲ್ಲ. ಲಾರಿಯ ಕಡೆ ತೋರಿಸಿ, "ಇನ್ನೊಬ್ಬ ಆಳು ಬೇಕು," ಎಂದಳು. ನಾನು ಕೋಟು ಬಿಚ್ಚಿದೆ.

ಈಗ ಡ್ರೈವರ್ ಪ್ರತಿ ಪೆಟ್ಟಿಗೆಗೂ "ಬಿಟ್ಟೆ" ಎಂದು ಕೂಗುತ್ತಿರುವುದಕ್ಕೂ ಕಾರಣವಿದೆ. ನನ್ನ ಎಡಗಣ್ಣಿಗೆ ಬೆಳಕು ಕಾಣುತ್ತದೆ, ವಸ್ತು ಕಾಣುವುದಿಲ್ಲ. ಬರುವ ವಸ್ತು ಎಷ್ಟು ದೂರದಲ್ಲಿದೆ ಎಂದು ಒಂದೇ ಕಣ್ಣಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಕೂಗು ಕೇಳಿದರೆ ಕೈ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಈ ಉಪಾಯ ಅಕ್ಕನದು. ನಾನು ಇಲ್ಲಿಗೆ ಬಂದ ಎರಡನೇ ವಾರ, ಮೂರು ಪೆಟ್ಟಿಗೆ ಮುಖಕ್ಕೆ ಬಡಿಸಿಕೊಂಡ ಮೇಲೆ, ಅವಳು ಎಲ್ಲರನ್ನೂ ಕರೆದು, "ಇವನಿಗೆ ಎಸೆಯುವಾಗ ಬಾಯಿ ಬಿಟ್ಟು ಹೇಳಿ ಎಸೀರಿ," ಎಂದಳು. ಕರುಣೆ ಗಿರುಣೆ ಏನೂ ಇರಲಿಲ್ಲ ಆ ದನಿಯಲ್ಲಿ. ಟ್ರಾಲಿಯ ಚಕ್ರಕ್ಕೆ ಎಣ್ಣೆ ಬಿಡಿ ಎಂದ ಹಾಗೆ ಹೇಳಿದಳು. ಆ ದನಿಗೆ ನಾನು ಇವತ್ತಿಗೂ ಋಣಿ. ಆ ತಿಂಗಳಲ್ಲಿ ನನ್ನನ್ನು ಕಂಡವರೆಲ್ಲ ಆಸ್ಪತ್ರೆಗೆ ನೋಡಲು ಬಂದವರ ಹಾಗೆ ಮೆತ್ತಗೆ ಮಾತಾಡುತ್ತಿದ್ದರು.

ನನ್ನ ಕಣ್ಣು ಹೋದದ್ದು ಚೆಂಡಿನಿಂದಲ್ಲ, ಬೇಲಿನಿಂದ. ಸ್ಟಂಪಿನ ಮೇಲೆ ಕೂರುವ ಆ ಬೆರಳುದ್ದದ ಮರದ ತುಂಡು. ನಮ್ಮ ಬೌಲರ್ ಒಬ್ಬನನ್ನು ಬೌಲ್ಡ್ ಮಾಡಿದ, ನಾನು ಎರಡೂ ಕೈ ಎತ್ತಿ ಕುಣಿಯಲು ಶುರು ಮಾಡಿದೆ, ಬೇಲ್ ಹಾರಿ ಬಂದು ಕಣ್ಣಿಗೆ ಹೊಡೆಯಿತು. ವಿಕೆಟ್ ಬಿದ್ದ ಸಂತೋಷದಲ್ಲಿ ಆಟ ಮುಗಿಸಿಕೊಂಡವನು ನಾನೊಬ್ಬನೇ ಇರಬೇಕು. ಆಗ ಇಪ್ಪತ್ತೇಳು ವರ್ಷ. ದೇಶದ ತಂಡಕ್ಕೆ ಆಯ್ಕೆಯಾಗುವವರ ಪಟ್ಟಿಯಲ್ಲಿ ನನ್ನ ಹೆಸರು ಮೂರನೆಯದೋ ನಾಲ್ಕನೆಯದೋ ಇತ್ತು ಎಂದು ಪೇಪರಿನಲ್ಲಿ ಬರೆಯುತ್ತಿದ್ದರು.

ಹೊಟ್ಟೆಪಾಡಿಗೆ ಈ ಕಂಪನಿಯಿತ್ತು. ಕಂಪನಿಗೊಂದು ತಂಡವಿತ್ತು. ಆಟಗಾರರನ್ನು ಕೆಲಸಕ್ಕೆ ತೆಗೆದುಕೊಂಡು ಒಂದೊಂದು ವಿಭಾಗದ ಹೆಸರಿನಲ್ಲಿ ಬರೆದುಕೊಳ್ಳುತ್ತಿದ್ದರು. ನಮ್ಮ ಸ್ಪಿನ್ನರ್ ಲೆಕ್ಕಪತ್ರ ವಿಭಾಗದವನು, ಕೂಡಿಸಲು ಬೆರಳು ಮಡಿಸುತ್ತಿದ್ದ. ಕ್ಯಾಪ್ಟನ್ ಕಾನೂನು ವಿಭಾಗದವನು. ನಾನು ಡಿಸ್ಪ್ಯಾಚ್ ಗುಮಾಸ್ತ. ಆರು ವರ್ಷ ನಾನು ಡಿಸ್ಪ್ಯಾಚ್ ಗುಮಾಸ್ತನಾಗಿದ್ದೆ, ಆದರೆ ಡಿಸ್ಪ್ಯಾಚ್ ವಿಭಾಗ ಯಾವ ಕಟ್ಟಡದಲ್ಲಿದೆ ಎಂದು ಗೊತ್ತಿರಲಿಲ್ಲ. ಬೆಳಿಗ್ಗೆ ನೇರ ಮೈದಾನಕ್ಕೆ ಹೋಗುತ್ತಿದ್ದೆ. ಹಾಜರಿ ಯಾರು ಹಾಕುತ್ತಾರೆ, ನನ್ನ ಪಾಲಿನ ಕೆಲಸ ಯಾರು ಮಾಡುತ್ತಾರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಬಿಳಿ ಬಟ್ಟೆ ತಾನೇ ಒಗೆದುಕೊಳ್ಳುತ್ತದೆ ಎಂದು ನಂಬುವ ವಯಸ್ಸು.

ಕಣ್ಣಿನ ಕಟ್ಟು ಬಿಚ್ಚಿದ ಮೂರನೇ ವಾರ, ಕಪ್ಪು ಕನ್ನಡಕ ಹಾಕಿಕೊಂಡು, ಗೇಟಿನ ಕಾವಲುಗಾರನನ್ನು ದಾರಿ ಕೇಳಿಕೊಂಡು ಲಾರಿ ತುಂಬುವ ಈ ಕಟ್ಟೆಗೆ ಬಂದೆ. ನೀಲಿ ಮೇಲಂಗಿ ತೊಟ್ಟ ಒಬ್ಬ ಹೆಂಗಸು ಲಾರಿಯ ಬಾಗಿಲಿಗೆ ಸೀಸದ ಮೊಹರು ಒತ್ತುತ್ತಿದ್ದಳು. ತಲೆಯೆತ್ತಿ ನೋಡಿದಳು.

"ಬಾ," ಎಂದಳು. "ಆರು ವರ್ಷ ತಡವಾಗಿ ಬಂದಿದ್ದೀಯ."

ಆ ಆರು ವರ್ಷ ನನ್ನ ಕೆಲಸ ಮಾಡಿದವಳು ಅವಳು. ತನ್ನದನ್ನು ಮುಗಿಸಿ, ಅರ್ಧ ಗಂಟೆ ಹೆಚ್ಚು ಕೂತು, ನನ್ನದನ್ನೂ ಮುಗಿಸಿ, ನನ್ನ ಹೆಸರಿನ ಮುಂದೆ ಹಾಜರಿ ಹಾಕಿ ಮನೆಗೆ ಹೋಗುತ್ತಿದ್ದಳು. ಇದನ್ನು ನನಗೆ ಹೇಳಿದ್ದು ಹಳೆಯ ಲೋಡರ್. ಅವಳು ಇವತ್ತಿನವರೆಗೆ ಬಾಯಿ ಬಿಟ್ಟಿರಲಿಲ್ಲ.

ಬಂದ ಮೊದಲ ತಿಂಗಳು ಅವಳು ಒಂದು ಲಾರಿಯನ್ನು ನನ್ನ ಸುಪರ್ದಿಗೆ ಬಿಟ್ಟಳು. ಅಂದೂ ಹನ್ನೊಂದು ಆಸ್ಪತ್ರೆಗಳು. ಹನ್ನೊಂದು ಹೆಸರಿನ ಪಟ್ಟಿ ಕೈಗೆ ಸಿಕ್ಕರೆ ಕ್ರಿಕೆಟಿಗ ಏನು ಮಾಡುತ್ತಾನೆ? ಒಂದನೆಯವನನ್ನು ಮೊದಲು ಕಳಿಸುತ್ತಾನೆ. ನಾನು ಮೊದಲ ಆಸ್ಪತ್ರೆಯ ಸಾಮಾನನ್ನು ಮೊದಲು ಏರಿಸಿದೆ, ಎರಡನೆಯದನ್ನು ಎರಡನೆಯದಾಗಿ, ಹನ್ನೊಂದನೆಯದನ್ನು ಬಾಗಿಲಿಗೆ. ಬಹಳ ಅಚ್ಚುಕಟ್ಟಾಗಿತ್ತು. ಲಾರಿ ಮೊದಲ ಆಸ್ಪತ್ರೆಯ ಮುಂದೆ ಬಾಗಿಲು ತೆರೆದಾಗ ಅವರ ಸಾಮಾನು ಎಲ್ಲಕ್ಕಿಂತ ಒಳಗೆ, ಗೋಡೆಗಂಟಿಕೊಂಡು ಕೂತಿತ್ತು. ಅವತ್ತಿನ ಡ್ರೈವರ್ ಲಾರಿಯನ್ನು ಹಾಗೆಯೇ ವಾಪಸ್ ತಂದ.

ಅಕ್ಕ ಕಾರಣ ಕೇಳಿದಳು. ಹೇಳಿದೆ. ಅವಳು ಹತ್ತಿಯ ಮೂಟೆಯ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಓಪನರ್‌ಗಳನ್ನ ಮೊದಲು ಕಳಿಸಿದ್ದೀಯಾ," ಎಂದು ಎದ್ದಳು. "ನಡಿ, ಗ್ಲೌಸು. ಇಳಿಸೋಣ." ಗ್ಲೌಸು ಎಂದರೆ ನಾನು, ಕೀಪರ್. ನನ್ನ ಜೊತೆ ಅವಳೂ ಇಳಿಸಿದಳು. ಕೊನೆಗೆ ಇಳಿಯುವುದು ಮೊದಲು ಏರಬೇಕು ಎಂಬ ಮಾತನ್ನು ಅಂದು ಇಡೀ ಮಧ್ಯಾಹ್ನ ನಾನು ಸೊಂಟದಿಂದ ಕಲಿತೆ.

ಮಾರನೇ ದಿನ ಮ್ಯಾನೇಜರ್ ಬಂದು ಯಾರು ಹೀಗೆ ತುಂಬಿಸಿದ್ದು ಎಂದು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಅಕ್ಕ, "ಪಟ್ಟಿ ತಲೆಕೆಳಗೆ ಕೊಟ್ಟೆ, ನನ್ನ ತಪ್ಪು," ಎಂದಳು. ಅವಳಿಗೆ ಒಂದು ಮೆಮೊ ಬಂತು. ಅವಳ ಇಡೀ ಸೇವೆಯಲ್ಲಿ ಅದೊಂದೇ ಮೆಮೊ. ಎಂಟು ವರ್ಷದ ನಂತರ ನಾನು ಅವಳ ಮೇಲಧಿಕಾರಿಯಾದಾಗ ಅವಳ ಫೈಲಿನಲ್ಲಿ ಅದು ಸಿಕ್ಕಿತು. ತೆಗೆಸಿಬಿಡಲೇ ಎಂದು ಕೇಳಿದೆ. "ಇರಲಿ," ಎಂದಳು. "ಅದೊಂದಾದ್ರೂ ಇಲ್ಲದಿದ್ರೆ ಫೈಲು ಓದೋಕೆ ತುಂಬ ಬೇಜಾರು."

"ಕೊನೇದು," ಎಂದು ಡ್ರೈವರ್ ಕೂಗಿದ. "ಬಿಟ್ಟೆ."

ಹಿಡಿದೆ. ಇಳಿಸಿದ್ದಾಯಿತು, ಇನ್ನು ಏರಿಸಬೇಕು. ಅಕ್ಕ ಪಟ್ಟಿಯನ್ನು ತಿರುವಿ, ಹಿಂಭಾಗದಲ್ಲಿ ಪೆನ್ಸಿಲಿನಿಂದ ಹೊಸ ಕ್ರಮ ಬರೆದಿದ್ದಳು. ಅದನ್ನು ನನ್ನ ಕೈಗೆ ಕೊಡಲು ಹೋದವಳು ಹಾಗೇ ನಿಂತಳು. ಆಮೇಲೆ ಹಾಳೆಯನ್ನು ಮಡಿಸಿ ಮೇಲಂಗಿಯ ಜೇಬಿಗೆ ಹಾಕಿಕೊಂಡಳು.

"ನೀವೇ ಹೇಳಿ ಸಾರ್," ಎಂದಳು. "ನಾನು ಕೂತ್ಕೋತೀನಿ."

ಸ್ಟೂಲ್ ಎಳೆದುಕೊಂಡು ನಿಜಕ್ಕೂ ಕೂತಳು. ಲೋಡರ್ ನನ್ನ ಮುಖ ನೋಡಿದ, ಡ್ರೈವರೂ ನೋಡಿದ. ನಾನು ಕಣ್ಣು ಮುಚ್ಚಿ ದಾರಿಯನ್ನು ನೆನಪಿಸಿಕೊಂಡೆ. ಒಂಬತ್ತು ಮೊದಲಾದರೆ ಅಲ್ಲಿಂದ ಹತ್ತಿರ ಹತ್ತು, ಆಮೇಲೆ ಸೇತುವೆ ದಾಟಿ ವಾಪಸ್ ಒಂದು, ಎರಡು, ಮೂರು. ಎಂಟರ ರಸ್ತೆ ನಾಲ್ಕು ಗಂಟೆಗೆ ಶಾಲೆ ಬಿಟ್ಟಾಗ ತುಂಬಿಕೊಳ್ಳುತ್ತದೆ, ಅದನ್ನು ಆರನೆಯ ಆಸ್ಪತ್ರೆಗಿಂತ ಮುಂಚೆ ಮುಗಿಸಬೇಕು. ಹನ್ನೊಂದು ಕೊನೆಗೆ. ಹಾಗಾದರೆ ಹನ್ನೊಂದು ಗೋಡೆಗೆ, ಅದರ ಮುಂದೆ ಏಳು, ಆರು, ಎಂಟು. ಐದು ಮತ್ತು ನಾಲ್ಕು ಎದುರುಬದುರು, ಆಮೇಲೆ ಮೂರು, ಎರಡು, ಒಂದು, ಹತ್ತು. ಬಾಗಿಲಿಗೆ ಒಂಬತ್ತು. ಹೇಳುತ್ತ ಹೋದೆ. ಎರಡು ಸಲ ತಡವರಿಸಿ ಅಕ್ಕನ ಕಡೆ ನೋಡಿದೆ. ಅವಳು ಉಗುರು ನೋಡಿಕೊಳ್ಳುತ್ತಿದ್ದಳು.

ಒಂದು ಐವತ್ತೈದಕ್ಕೆ ಲಾರಿ ಗೇಟು ದಾಟಿತು. ಡ್ರೈವರ್ ಕಿಟಕಿಯಿಂದ ಕೈ ಹೊರಹಾಕಿ, "ಅಕ್ಕಾ, ನಾಳೆ ಬರ್ತೀರಲ್ಲ?" ಎಂದು ಅಭ್ಯಾಸಬಲದಿಂದ ಕೇಳಿ, ನಾಲಿಗೆ ಕಚ್ಚಿಕೊಂಡು, ಜೋರಾಗಿ ಹಾರ್ನ್ ಬಾರಿಸಿ ಹೋದ.

ಡಿಸ್ಪ್ಯಾಚ್ ಕೋಣೆಯಲ್ಲಿ ಇಬ್ಬರೇ ಊಟಕ್ಕೆ ಕೂತೆವು. ಹಸಿರು ಬಣ್ಣ ಸುಲಿದ ಮೇಜು, ಎರಡು ಕಬ್ಬಿಣದ ಕಪಾಟು, ಕಿಟಕಿಯ ಹತ್ತಿರ ತೂಕದ ಯಂತ್ರ. ಅವಳ ಸಾಮಾನೆಲ್ಲ ಒಂದು ಬಟ್ಟೆಯ ಚೀಲದಲ್ಲಿ ಹಿಡಿಸಿಬಿಟ್ಟಿತ್ತು. ಬಾಗಿಲು ಮುಚ್ಚಿದ್ದರಿಂದ ಸಾರ್ ಹೊರಗೇ ಉಳಿದಿದ್ದ.

"ಕೈ ನೋವಾ?" ಎಂದಳು.

"ಇಲ್ಲ."

"ಸುಳ್ಳು. ಚಮಚ ಎಡಗೈಗೆ ಹೋಗಿದೆ."

"ಅಕ್ಕಾ," ಎಂದೆ. "ಆ ಮೆಮೊ. ಅವತ್ತು ಯಾಕೆ ನಿಮ್ಮ ತಪ್ಪು ಅಂದ್ರಿ? ಇಪ್ಪತ್ತೆರಡು ವರ್ಷದಿಂದ ಕೇಳಬೇಕು ಅಂತಿದ್ದೆ."

"ಏನಂತ ಹೇಳೋದು." ಡಬ್ಬಿಯ ಮುಚ್ಚಳ ಒರೆಸಿದಳು. "ಆರು ವರ್ಷ ಬರದೇ ಇರೋನಿಗೆ ಹಾಜರಿ ಹಾಕಿದೀನಿ. ಬಂದ ತಿಂಗಳೇ ಓಡಿಸಿದ್ರೆ ನನ್ನ ಶ್ರಮ ಎಲ್ಲ ದಂಡ ಅಲ್ವಾ?"

ನಕ್ಕೆ.

"ಒಂದು ಸಲ ಮೈದಾನಕ್ಕೂ ಬಂದಿದ್ದೆ," ಎಂದಳು. "ನನ್ನ ಗುಮಾಸ್ತ ಅಲ್ಲಿ ಹೇಗೆ ಕೆಲಸ ಮಾಡ್ತಾನೆ ನೋಡೋಣ ಅಂತ."

ಇದು ನನಗೆ ಗೊತ್ತಿರಲಿಲ್ಲ. "ಹೇಗೆ ಮಾಡಿದೆ?"

"ಎರಡು ಬಿಟ್ಟೆ. ಒಂದು ಹಿಡಿದೆ. ಆ ಹಿಡಿದದ್ದು..." ಅವಳು ಬಲಗೈಯನ್ನು ನೆಲದ ಹತ್ತಿರ ಚಾಚಿ ತೋರಿಸಿದಳು, ಬೆರಳುಗಳು ಅಗಲವಾಗಿ ತೆರೆದಿದ್ದವು. "ಚೆನ್ನಾಗಿತ್ತು. ಅವತ್ತಿಂದ ಅರ್ಧ ಗಂಟೆ ಹೆಚ್ಚು ಕೂರೋದು ಅಷ್ಟು ಕಷ್ಟ ಅನ್ನಿಸಲಿಲ್ಲ."

 ಸಾವಿರಾರು ಜನ ನೋಡಿದ ಕ್ಯಾಚುಗಳನ್ನು ಹಿಡಿದಿದ್ದೇನೆ. ಇವಳು ನೋಡಿದ್ದು ಯಾವುದೋ ವಾರದ ಮಧ್ಯದ, ಖಾಲಿ ಬೆಂಚುಗಳ ಪಂದ್ಯ. ಅದು ಯಾವುದೆಂದು ನನಗೆ ನೆನಪಿಲ್ಲ. ಅವಳಿಗೆ ನೆನಪಿದೆ. ನನಗೆ ಏನೇನು ಸಿಕ್ಕಿದೆಯೋ, ಮೂರನೇ ಮಹಡಿ, ಮನೆ, ಹೆಂಡತಿ, ಅಪ್ಪ ಆಟ ಬಿಟ್ಟು ಸೋತವನಲ್ಲ ಎಂದು ನಂಬುವ ಮಗಳು, ಎಲ್ಲವೂ ಈ ಹೆಂಗಸಿನ ದಿನದ ಕೊನೆಯ ಅರ್ಧ ಗಂಟೆಯಿಂದ ಬಂದದ್ದು. ಇದನ್ನು ಹೇಳಲು ಹೋದೆ.

"ಬೆಳಿಗ್ಗೆ ಬೀಳ್ಕೊಡುಗೆ ಸಭೆಯಲ್ಲಿ ಹೇಳಿದ್ದೀಯಲ್ಲ, ಸಾಕು," ಎಂದಳು. "ಹೂಗುಚ್ಛ ಬೇರೆ ಕೊಟ್ಟಿದ್ದೀಯ. ಬಸ್ಸಲ್ಲಿ ಅದನ್ನ ಎಲ್ಲಿಡಲಿ?"

ಎದ್ದು, ಒಳಗೆ ತಂದಿಟ್ಟಿದ್ದ ಕೋಟಿನಿಂದ ಪತ್ರ ತೆಗೆದು ಅವಳ ಮುಂದಿಟ್ಟೆ. ಅವಳು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಕೆಳಗಿನ ಸಹಿಗಳನ್ನೂ ಓದಿದಳು.

"ಪಕ್ಕದ ಕೋಣೆ," ಎಂದೆ. "ಕಿಟಕಿ ಇದೆ. ಲಾರಿ ಕಾಣುತ್ತೆ. ಏನೂ ಮಾಡೋದು ಬೇಡ, ಸುಮ್ಮನೆ ಇದ್ರೆ ಸಾಕು."

"ಸುಮ್ಮನೆ ಇರೋದಾ?"

"ನಾನು ಕೇಳಿದಾಗ ಹೇಳಿದ್ರೆ ಸಾಕು."

"ಇವತ್ತು ನೀನು ಕೇಳಿದ್ಯಾ?"

ನಾನು ಚಮಚ ಕೆಳಗಿಟ್ಟೆ.

"ಕೇಳಲಿಲ್ಲ. ಯಾಕೆ ಗೊತ್ತಾ? ನಾನು ಕೆಳಗೆ ಇದೀನಿ, ಹೇಗೋ ನೋಡ್ಕೋತಾಳೆ ಅಂತ. ಅದು ನಿನ್ನ ತಲೆಯಲ್ಲಿ ಇರಲಿಲ್ಲ, ಕೈಯಲ್ಲಿತ್ತು. ಕೈ ಆಡಿಸಿದೆ, ಆಯ್ತು." ಅವಳು ಕನ್ನಡಕ ತೆಗೆದಳು. "ಆಮೇಲೆ ನಾನು ಬಾಯಿ ಮುಚ್ಚಿಕೊಂಡು ಕೂತೆ. ನೀನು ಸರಿಯಾಗೇ ತುಂಬಿಸಿದೆ."

"ಎರಡು ಸಲ ತಡವರಿಸಿದೆ."

"ನಾನು ಮೂರು ಸಲ ತಡವರಿಸ್ತಿದ್ದೆ. ನೀನು ನೋಡ್ತಿರಲಿಲ್ಲ, ಅಷ್ಟೇ."

"ಅಕ್ಕಾ, ನನಗೆ ಭಯ ಆಗ್ತಿದೆ," ಎಂದೆ. ಹೇಳಿದ ಮೇಲೆ ಕೋಣೆ ಸ್ವಲ್ಪ ದೊಡ್ಡದಾದ ಹಾಗಿತ್ತು.

"ಆಗಲಿ. ಭಯ ಇದ್ರೆ ಜನರನ್ನ ಕೇಳ್ತೀಯ. ಲೋಡರನ್ನ ಕೇಳು, ಅವನಿಗೆ ನಿನಗಿಂತ ಜಾಸ್ತಿ ಗೊತ್ತು."

"ಮೂರು ವರ್ಷ ಬೇಡ. ಒಂದು ವರ್ಷ."

"ಮಂಗಳವಾರದಿಂದ ಈಜು ಕಲಿಯೋಕೆ ಸೇರಿದೀನಿ."

"ಈ ವಯಸ್ಸಲ್ಲಿ?"

"ನೀನು ಇಪ್ಪತ್ತೇಳಕ್ಕೆ ಪೆಟ್ಟಿಗೆ ಜೋಡಿಸೋದು ಕಲೀಲಿಲ್ವಾ? ನನ್ನ ತಂಗಿ, ನಾನು, ಇಬ್ರೂ. ಅವಳು ಮುಳುಗ್ತಾಳೆ ಅಂತ ನಾನು ಹೇಳ್ತಿದೀನಿ, ನಾನೇ ಮುಳುಗೋದು ಅಂತ ಅವಳು."

"ಮಂಗಳವಾರ ಈಜಿ. ಉಳಿದ ದಿನ ಬನ್ನಿ. ವಾರಕ್ಕೆ ಒಂದೇ ದಿನ ಬನ್ನಿ. ಬೆಳಿಗ್ಗೆ ಕಾರು ಕಳಿಸ್ತೀನಿ. ಆರು ತಿಂಗಳು ಅಕ್ಕಾ, ನಾನು ಕುರ್ಚಿಗೆ ಒಗ್ಗಿಕೊಳ್ಳೋವರೆಗೆ."

ಅವಳು ಪತ್ರವನ್ನು ಮಡಿಕೆಯ ಗೆರೆಗಳ ಮೇಲೆಯೇ ಮಡಿಸಿ, ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದಳು.

"ಬೇಡ," ಎಂದಳು. "ವಾರಕ್ಕೆ ಒಂದು ದಿನಾನೂ ಬೇಡ, ಕಾರೂ ಬೇಡ. ನಾನು ಬರಲ್ಲ."